ಇಬ್ಬರು ಗಿರಿಜೆಯರು, ಒಂದು ಕಾರ್ಡು

ನನ್ನ ಹೆಸರಿನಲ್ಲಿ ಮೂರು ಕ್ರೆಡಿಟ್ ಕಾರ್ಡುಗಳಿದ್ದವು ಎಂದರೆ ನೀವು ನನ್ನನ್ನು ಭಾರಿ ಖರ್ಚಿನ ಹೆಂಗಸು ಎಂದುಕೊಳ್ಳುತ್ತೀರಿ. ಹಾಗೇನಿಲ್ಲ. ಮೂಡಿಗೆರೆ ಪೇಟೆಯಲ್ಲಿ ಗಂಬೂಟು, ಕೊಡೆ, ಟಾರ್ಪಾಲು ಮಾರುವ ಅಂಗಡಿ ನಮ್ಮದು. ಅಂಗಡಿಯ ಹಿಂದೆಯೇ ಮನೆ. ನನಗೆ ಬೇಕಾದ ಸೊಪ್ಪು, ಹೂವು, ಬ್ಲೌಸಿನ ಲೈನಿಂಗ್ ಬಟ್ಟೆ ಎಲ್ಲವೂ ಅದೇ ಬೀದಿಯಲ್ಲಿ ಸಿಗುತ್ತವೆ. ಅವನ್ನು ಮಾರುವವರಲ್ಲಿ ಒಬ್ಬರೂ ಕಾರ್ಡನ್ನು ಕಂಡವರಲ್ಲ. ಒಮ್ಮೆ ಸೊಪ್ಪಿನವಳಿಗೆ ತಮಾಷೆಗೆ ಕಾರ್ಡು ತೋರಿಸಿದ್ದಕ್ಕೆ, "ಇದೆಂತ ಅಕ್ಕ, ವೋಟಿಂದಾ?" ಎಂದು ಕೇಳಿದ್ದಳು.

ಹೀಗೆ ನೆಮ್ಮದಿಯಾಗಿ ಮಲಗಿದ್ದ ಕಾರ್ಡುಗಳ ವಿಷಯ ಎದ್ದು ಕೂತದ್ದು ಕಳೆದ ಮೇ ತಿಂಗಳಲ್ಲಿ. ಮಳೆಗಾಲಕ್ಕೆ ಮುಂಚೆ ತೋಟಗಳ ಮೇಸ್ತ್ರಿಗಳು ಆಳುಗಳಿಗೆಲ್ಲ ಗಂಬೂಟು ಕೊಳ್ಳಲು ಬರುವ ಕಾಲ ಅದು. ಅಂಗಡಿಯ ತುಂಬ ಜೋಡಿ ತಪ್ಪಿದ ಬೂಟುಗಳು. ಎಂಟನೇ ನಂಬರಿನ ಎಡಗಾಲಿನದು ಹುಡುಕುತ್ತಾ ನೆಲದಲ್ಲಿ ಕೂತಿದ್ದಾಗ ಫೋನು ಕಿಣಿ ಎಂದಿತು. ಬ್ಯಾಂಕಿನ ಮೆಸೇಜು. ನಿಮ್ಮ ಕಾರ್ಡನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ನೀವು ಬಳಸಿಲ್ಲ, ಮೂವತ್ತು ದಿನದೊಳಗೆ ನಮ್ಮನ್ನು ಸಂಪರ್ಕಿಸದಿದ್ದರೆ ಅದನ್ನು ಮುಚ್ಚಲಾಗುವುದು ಎಂದಿತ್ತು.

ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಟಾರ್ಪಾಲು ಅಳೆಯುವುದನ್ನು ನಿಲ್ಲಿಸದೆ, "ಒಳ್ಳೇದಾಯ್ತು. ಇದ್ರ ಜೊತೆ ಉಳಿದ ಎರಡನ್ನೂ ಬಂದ್ ಮಾಡ್ಸು. ಉಪಯೋಗಿಸದೇ ಇರೋದನ್ನ ಎಂತಕ್ಕೆ ಸಾಕ್ಬೇಕು?" ಎಂದರು. ಎರಡು ಮೀಟರ್ ಅಳೆದ ಮೇಲೆ ತಲೆ ಎತ್ತಿ, "ಯಾವ ಕಾರ್ಡಿಗೆ ಬಂದಿದ್ದು?" ಎಂದು ಕೇಳಿದರು.

"ಅದೇ. ಅತ್ತೆ ಹತ್ರ ಇರೋದು."

ಅವರು ಮತ್ತೆ ಅಳತೆಗೆ ಬಗ್ಗಿದರು. "ಹಂಗಾದ್ರೆ ಯೋಚ್ನೆ ಮಾಡು" ಎಂದಷ್ಟೇ ಹೇಳಿದರು. ಯೋಚನೆ ಮಾಡುವ ಕೆಲಸವನ್ನು ನನಗೆ ವಹಿಸಿಕೊಡುವುದರಲ್ಲಿ ನಮ್ಮ ಮನೆಯವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಮೊದಲು ಸುಲಭದ ಎರಡನ್ನು ಮುಗಿಸಿದೆ. ಒಂದು ಕಾರ್ಡು ನನಗೆ ಮಂಗಳೂರಿನ ಮಾಲ್ ಒಂದರಲ್ಲಿ ಗಂಟು ಬಿದ್ದದ್ದು. ಅರ್ಜಿ ತುಂಬಿದವರಿಗೆ ಚಕ್ರದ ಬ್ಯಾಗು ಉಚಿತ ಎಂದರು. ನನಗೆ ಬೇಕಾಗಿದ್ದದ್ದು ಕೆಂಪು ಬಣ್ಣದ ಬ್ಯಾಗು. ಕಾರ್ಡು ಅದರ ಜೊತೆಗೆ ಬಂತು. ಬ್ಯಾಗಿನ ಒಂದು ಚಕ್ರ ಚಾರ್ಮಾಡಿ ಘಾಟಿ ಹತ್ತುವುದರೊಳಗೆ ಕಳಚಿ ಬಿತ್ತು. ಕಾರ್ಡು ಮಾತ್ರ ಗಟ್ಟಿಮುಟ್ಟಾಗಿ ಬೀರುವಿನಲ್ಲಿ ಉಳಿಯಿತು. ಮುಚ್ಚಿಸಲು ಫೋನು ಮಾಡಿದಾಗ ಆ ಕಡೆಯ ಹೆಂಗಸು, "ಯಾಕೆ ಮೇಡಂ, ನಮ್ಮ ಸೇವೆಯಲ್ಲಿ ಏನಾದರೂ ಕೊರತೆ ಇತ್ತೇ?" ಎಂದು ನಯವಾಗಿ ಕೇಳಿದಳು. ಬ್ಯಾಗಿನ ಚಕ್ರದ ವಿಷಯ ಹೇಳಿದೆ. ಪಾಪ, ಆಕೆ ಅದಕ್ಕೂ ಕ್ಷಮೆ ಕೇಳಿದಳು.

ಇನ್ನೊಂದು, ನಮ್ಮ ಊರಿನ ಬ್ಯಾಂಕಿಗೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರು ಕೊಟ್ಟದ್ದು. ಮೊದಲ ಮಳೆಗಾಲಕ್ಕೇ ಅವರು ನಮ್ಮಲ್ಲಿ ಎರಡು ರೈನ್‌ಕೋಟು ಕೊಂಡರು, ಒಂದರ ಮೇಲೊಂದು ಹಾಕಿಕೊಳ್ಳಲು. "ಇದೇನ್ರೀ ಅಕ್ಕಾರ, ನಿಮ್ಮೂರಾಗ ಮ್ಯಾಲಿಂದಷ್ಟ ಅಲ್ಲ, ಬಾಜೂಕಿಂದನೂ ಮಳಿ ಬರ್ತೈತಲ್ರೀ" ಎಂದು ಅವರು ಅಂಗಡಿಯಲ್ಲಿ ನಿಂತು ಗೋಳಾಡುವಾಗ ನಗು ತಡೆಯಲು ಆಗುತ್ತಿರಲಿಲ್ಲ. ಅಂಥ ಮನುಷ್ಯ ವರ್ಷದ ಕೊನೆಯಲ್ಲಿ ಬಂದು ಒಂದು ಕಾರ್ಡು ತಗೊಳ್ಳಿ ಎಂದರೆ ಬೇಡ ಎನ್ನುವುದು ಹೇಗೆ? ಅವರು ವರ್ಗವಾಗಿ ಹೋದ ಮೇಲೂ ಆ ಕಾರ್ಡನ್ನು ಅವರು ಬಿಟ್ಟುಹೋದ ಸಾಮಾನಿನ ಹಾಗೆ ಇಟ್ಟುಕೊಂಡಿದ್ದೆ. ಅದನ್ನು ಕತ್ತರಿಸುವಾಗ ಸ್ವಲ್ಪ ಬೇಜಾರಾಯಿತು. ಟಾರ್ಪಾಲು ಕತ್ತರಿಸುವ ನಮ್ಮ ದೊಡ್ಡ ಕತ್ತರಿಗೆ ಮಾತ್ರ ಅಂಥ ಭಾವನೆಯೇನೂ ಇರಲಿಲ್ಲ.

ಉಳಿದದ್ದು ಮೂರನೆಯದು.

ಅದು ಬಂದದ್ದು ನಾಲ್ಕೈದು ವರ್ಷದ ಹಿಂದೆ, ಜುಲೈಯಲ್ಲಿ. ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಒಬ್ಬ ಹುಡುಗಿ ಫೈಲನ್ನು ಎದೆಗೆ ಅವಚಿಕೊಂಡು ಒಳಗೆ ಓಡಿ ಬಂದಳು. ಅರಸೀಕೆರೆ ಕಡೆಯವಳಂತೆ. ಬ್ಯಾಂಕೊಂದರ ಕಾರ್ಡು ಮಾಡಿಸುವ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಮೂಡಿಗೆರೆಯ ಜುಲೈಯಲ್ಲಿ ಆ ಮಗು ಹಿಮ್ಮಡಿ ಎತ್ತರದ, ಬೆಳ್ಳಿ ಬಣ್ಣದ ಚಪ್ಪಲಿ ಹಾಕಿಕೊಂಡು ಬಂದಿದ್ದಳು! ಒಂದರ ಬಾರು ಕಿತ್ತು ಕೈಗೆ ಬಂದಿತ್ತು. ನಾನು ಸ್ಟೂಲು ಕೊಟ್ಟು, ಕಾಲೊರೆಸಿಕೊಳ್ಳಲು ಗೋಣಿ ಕೊಟ್ಟು, ಒಳಗಿಂದ ಕಾಫಿ ತಂದು ಕೊಟ್ಟೆ. ಅವಳು ಕಾಫಿ ಕುಡಿದು, ಅತ್ತುಬಿಡುವವಳ ಹಾಗೆ ಮುಖ ಮಾಡಿ, "ಆಂಟಿ, ಇವತ್ತು ಒಂದು ಫಾರ್ಮೂ ಆಗಿಲ್ಲ" ಎಂದಳು. ಅವಳಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ಮಾರಿ, ಅವಳಿಂದ ಒಂದು ಕಾರ್ಡು ಕೊಂಡೆ. ವ್ಯಾಪಾರ ಸರಿಸಮವಾಯಿತು.

ಫಾರ್ಮು ತುಂಬುತ್ತಾ ಅವಳು ಕೇಳಿದಳು: "ಕಾರ್ಡ್ ಮೇಲೆ ಯಾವ ಹೆಸರು ಬರ್ಬೇಕು ಆಂಟಿ?"

"ಉಮಾ" ಎಂದೆ.

ಅವಳು ನನ್ನ ಪ್ಯಾನ್ ಕಾರ್ಡು ನೋಡಿ, "ಇದರಲ್ಲಿ ಗಿರಿಜಾ ಅಂತಿದೆಯಲ್ಲ?" ಎಂದಳು.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ತವರು ಕಳಸ. ಅಲ್ಲಿ ನಾನು ಹುಟ್ಟಿದಂದಿನಿಂದ ಇಪ್ಪತ್ತೆರಡು ವರ್ಷ ಗಿರಿಜಾ ಆಗಿದ್ದೆ. ನಮ್ಮ ತರಗತಿಯಲ್ಲಿ ಮೂವರು ಗಿರಿಜೆಯರಿದ್ದೆವು. ಮೇಷ್ಟ್ರು ನಮ್ಮನ್ನು ಉದ್ದ ಗಿರಿಜಾ, ಕನ್ನಡಕದ ಗಿರಿಜಾ, ಮತ್ತು ಬರೀ ಗಿರಿಜಾ ಎಂದು ಗುರುತಿಸುತ್ತಿದ್ದರು. ನಾನು ಬರೀ ಗಿರಿಜಾ. ಗುರುತು ಹೇಳಲು ಒಂದು ವಿಶೇಷವೂ ಇಲ್ಲದ ಹುಡುಗಿ ಎಂದು ಆಗ ಅವಮಾನವಾಗುತ್ತಿತ್ತು. ಈಗ ಯೋಚಿಸಿದರೆ ಕಲಬೆರಕೆಯಿಲ್ಲದ ಶುದ್ಧ ಗಿರಿಜಾ ನಾನೊಬ್ಬಳೇ ಆಗಿದ್ದೆ.

ಮೂಡಿಗೆರೆಯ ಸಂಬಂಧ ಕೂಡಿಬಂತು. ಹುಡುಗ ಒಪ್ಪಿಗೆ, ಮನೆ ಒಪ್ಪಿಗೆ, ಎಲ್ಲ ಸರಿ. ಆದರೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನಮ್ಮ ಮಾವನವರು ತಕರಾರು ತೆಗೆದರು. ಅತ್ತೆಯ ಹೆಸರೂ ಗಿರಿಜಾ! ಒಂದೇ ಮನೆಯಲ್ಲಿ ಇಬ್ಬರು ಗಿರಿಜೆಯರಾದರೆ ಹೇಗೆ? ಮಗ ಹೆಂಡತಿಯನ್ನು ಕರೆಯಬೇಕೆಂದರೆ ಹೆತ್ತ ತಾಯಿಯ ಹೆಸರು ಹಿಡಿದು ಕೂಗಿದ ಹಾಗಾಗುವುದಿಲ್ಲವೇ? ಹಿರಿಯರು ಕೂತು, ಎಲೆ ಅಡಿಕೆ ಹಾಕಿಕೊಂಡು, ನನ್ನನ್ನು ಉಮಾ ಮಾಡಿದರು. "ಎರಡೂ ಪಾರ್ವತಿದೇ ಹೆಸ್ರು ಮಾರಾಯ. ಏನೂ ವ್ಯತ್ಯಾಸ ಇಲ್ಲ" ಎಂದು ನಮ್ಮಪ್ಪನಿಗೆ ಯಾರೋ ಸಮಾಧಾನ ಹೇಳಿದರಂತೆ. ನಾನು ಒಳಗೆ ಶಾವಿಗೆ ಪಾಯಸ ಬಡಿಸುತ್ತಿದ್ದೆ. ಪಾಯಸ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಉಮಾ ಆಗಿದ್ದೆ. ನನಗೆ ಅಳು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮದುವೆಯ ಸೀರೆಯ ಬಣ್ಣದ ಚಿಂತೆಯೇ ಆಗ ದೊಡ್ಡದಾಗಿತ್ತು.

ತೊಂದರೆಯಾದದ್ದು ಪಾತ್ರೆಗಳಿಂದ. ನಮ್ಮಪ್ಪ ಒಂದು ವರ್ಷ ಮೊದಲೇ ನನ್ನ ಮದುವೆಗೆಂದು ಸ್ಟೀಲಿನ ಡಬರಿ, ಕೊಳಗ, ತಟ್ಟೆ, ಲೋಟಗಳನ್ನು ಕೊಂಡು, ಒಂದೊಂದರ ಮೇಲೂ ಚುಕ್ಕೆ ಚುಕ್ಕೆಯಾಗಿ ಗಿರಿಜಾ ಎಂದು ಹೆಸರು ಹಾಕಿಸಿಟ್ಟಿದ್ದರು. ಅವು ನನ್ನ ಜೊತೆ ಮೂಡಿಗೆರೆಗೆ ಬಂದವು. ಇಲ್ಲಿ ನೋಡಿದರೆ ಅತ್ತೆಯ ಪಾತ್ರೆಗಳ ಮೇಲೂ ಅದೇ ಗಿರಿಜಾ. ಮೊದಲ ಹಬ್ಬದ ಪಾತ್ರೆ ತೊಳೆಯುವ ಹೊತ್ತಿಗೆ ಎರಡೂ ಕಲೆತುಹೋದವು. ನನ್ನ ಗಿರಿಜಾ ಯಾವುದು, ಅವರ ಗಿರಿಜಾ ಯಾವುದು ಎಂದು ಇವತ್ತಿಗೂ ಗೊತ್ತಿಲ್ಲ. ಅತ್ತೆ ಪಕ್ಕದ ಮನೆಗೆ ಪಾಯಸ ಕಳಿಸುವಾಗ, "ನನ್ನ ಹೆಸ್ರಿನ ಡಬರಿ, ಮರೀದೇ ವಾಪಸ್ ಕಳ್ಸಿ" ಎನ್ನುತ್ತಿದ್ದರು. ನಾನು ಸುಮ್ಮನೆ ನಗುತ್ತಿದ್ದೆ.

ಅತ್ತೆ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಣಂತನದಲ್ಲಿ ನನ್ನ ತಾಯಿಗಿಂತ ಹೆಚ್ಚು ರಾತ್ರಿ ಎದ್ದವರು ಅವರು. ಅವರಿಗೆ ನನ್ನ ಹಳೆಯ ಹೆಸರು ಮರೆತೇ ಹೋಗಿತ್ತು, ಅಷ್ಟೆ. ಮೂವತ್ತು ವರ್ಷ ಉಮಾ ಉಮಾ ಎಂದು ಕರೆದವರಿಗೆ ಅದು ನೆನಪಿರಬೇಕೆಂದೇನೂ ಇಲ್ಲ. ನನಗೇ ಎಷ್ಟೋ ದಿನ ನೆನಪಿರುತ್ತಿರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಹಳ ಗಟ್ಟಿ ಕಾಗದ. ಅದರ ಹಿಂದೆಯೇ ಪ್ಯಾನ್ ಕಾರ್ಡೂ ಗಿರಿಜಾ ಎಂದಿತು, ಅದರ ಹಿಂದೆ ಬ್ಯಾಂಕಿನ ಖಾತೆಯೂ ಹಾಗೆಯೇ ಎಂದಿತು. ಬೆಳ್ಳಿ ಚಪ್ಪಲಿಯ ಹುಡುಗಿ ಕೊನೆಗೆ ಫಾರ್ಮಿನ ಚೌಕಗಳಲ್ಲಿ ಒಂದೊಂದೇ ಅಕ್ಷರವಾಗಿ ಗಿರಿಜಾ ಎಂದು ತುಂಬಿದಳು. ಮನಸ್ಸಿಗೆ ಒಂಥರಾ ಹಿತವಾಯಿತು. ಯಾರಿಗೂ ಹೇಳಲಿಲ್ಲ.

ಎರಡು ವಾರದ ಮೇಲೆ ಕೊರಿಯರಿನವನು ಬಂದ. ನಾನು ಮಗಳ ಮನೆಗೆಂದು ಸಕಲೇಶಪುರಕ್ಕೆ ಹೋಗಿದ್ದೆ. ಜಗುಲಿಯಲ್ಲಿ ಅತ್ತೆ ಕೂತಿದ್ದರು. ಅವನು ಕವರು ನೋಡಿ, "ಗಿರಿಜಾ ಅಂದ್ರೆ ಯಾರಮ್ಮ?" ಎಂದು ಕೇಳಿದ. ಅತ್ತೆ, "ನಾನೇ" ಎಂದರು. ಸುಳ್ಳೇನಲ್ಲವಲ್ಲ! ಆಧಾರ್ ಕಾರ್ಡು ಕೇಳಿದ್ದಕ್ಕೆ ಅದನ್ನೂ ತೋರಿಸಿದರು. ಅದರಲ್ಲೂ ಗಿರಿಜಾ, ಅದೇ ವಿಳಾಸ. ಅವನು ಸಹಿ ಹಾಕಿಸಿಕೊಂಡು ಕೊಟ್ಟು ಹೋದ.

ಮರುದಿನ ನಾನು ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ನನ್ನನ್ನು ಚೀಲ ಕೆಳಗಿಡಲೂ ಬಿಡಲಿಲ್ಲ. ಎಲೆ ಅಡಿಕೆ ಚೀಲದಿಂದ ನೀಲಿ ಕಾರ್ಡನ್ನು ತೆಗೆದು, "ನೋಡೇ ಉಮಾ, ಬ್ಯಾಂಕಿನವ್ರು ನನಗೆ ಕಳ್ಸಿದಾರೆ. ನನ್ನ ಹೆಸ್ರು ಹೆಂಗೆ ಎದ್ದು ಬಂದಿದೆ ನೋಡು, ಕೈಗೆ ಸಿಗ್ತದೆ" ಎಂದರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಂಗ್ಲಿಷಂತೂ ಮೊದಲೇ ಬಾರದು. ಬೆರಳ ತುದಿಯಿಂದ ಆ ಉಬ್ಬಿದ ಅಕ್ಷರಗಳನ್ನು ಎಡದಿಂದ ಬಲಕ್ಕೆ ಸವರುತ್ತಾ, "ಗಿ, ರಿ, ಜಾ" ಎಂದು ತಾವೇ ಓದಿಕೊಂಡರು. ಮುಖ ಹೂವಿನ ಹಾಗೆ ಅರಳಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ನಾಳೆಯ ಹೊತ್ತಿಗೆ ಅತ್ತೆ ಕಾರ್ಡನ್ನು ಬೀದಿಯ ನಾಲ್ಕು ಮನೆಗೆ ತೋರಿಸಿ ಬಂದಿದ್ದರು. ಆ ಮೇಲೆ ಹೇಳಿದರೆ ಅವರ ಮರ್ಯಾದೆಯ ಪ್ರಶ್ನೆ. ಹಾಗೆ ಹೇಳದೆ ಉಳಿದದ್ದು ನಾಲ್ಕೈದು ವರ್ಷ.

ಪಿನ್ ನಂಬರಿನ ಕವರು ಬೇರೆಯಾಗಿ ಬಂದಾಗ ಮಾತ್ರ ನಾನೇ ಮನೆಯಲ್ಲಿದ್ದೆ. ಆ ನಾಲ್ಕು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೆ. ಕಾರ್ಡಂತೂ ಕೈ ತಪ್ಪಿತ್ತು, ನನ್ನ ಪಾಲಿಗೆ ಬಂದದ್ದು ಅಷ್ಟಾದರೂ ಇರಲಿ ಎಂದು. ಕಾರ್ಡು ಅವರ ಬಳಿ, ಪಿನ್ನು ನನ್ನ ಬಳಿ. ಬ್ಯಾಂಕಿನವರ ಲೆಕ್ಕದ ಒಬ್ಬ ಗಿರಿಜೆ ಆಗಬೇಕಾದರೆ ನಾವಿಬ್ಬರೂ ಸೇರಬೇಕಿತ್ತು.

ಅತ್ತೆ ಅದನ್ನು ಚೆನ್ನಾಗಿಯೇ ಬಳಸಿಕೊಂಡರು. ಸುಣ್ಣದ ಡಬ್ಬಿಯ ಮುಚ್ಚಳ ಬಿಗಿಯಾದರೆ ಅದರ ಅಂಚಿನಿಂದ ಎಬ್ಬಿಸುತ್ತಿದ್ದರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಂಡಕ್ಟರು ಗುರುತಿನ ಚೀಟಿ ಕೇಳಿದರೆ ಇದನ್ನೇ ಹಿಡಿಯುತ್ತಿದ್ದರು. ಒಬ್ಬ ಕಂಡಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ, ಇದನ್ನ ಇಟ್ಕೊಂಡು ನೀವು ಫ್ರೀ ಬಸ್ಸಲ್ಲಿ ಬರೋದಾ! ವಿಮಾನದಲ್ಲಿ ಹೋಗ್ಬಹುದಲ್ಲ" ಎಂದನಂತೆ. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆ ಕಾರ್ಡು ಕಾರ್ಡಾಗಿ ಬಳಕೆಯಾದದ್ದು ಒಂದೇ ಒಂದು ಸಲ. ಎರಡು ವರ್ಷದ ಹಿಂದೆ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ನಮ್ಮ ಮನೆಯವರು ಫೋನನ್ನು ಹೋಟೆಲಿನ ಮೇಜಿನ ಮೇಲೆಯೇ ಬಿಟ್ಟರು. ಅದು ಗೊತ್ತಾದದ್ದು ಘಾಟಿ ಇಳಿದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ. ಹಣವೆಲ್ಲ ಫೋನಿನಲ್ಲಿ. ನನ್ನ ಫೋನಿನಲ್ಲಿ ಅಂಥ ಸೌಕರ್ಯ ಆಗ ಇರಲಿಲ್ಲ. ಜೇಬು ತಡಕಿದರು, ಪರ್ಸು ತಡಕಿದೆ, ಸಾಲುವಂತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. "ವಾಪಸ್ ಹೋಗಿ ಇನ್ನೊಂದ್ಸಲ ಬರೋಣ" ಎಂದು ನಮ್ಮ ಮನೆಯವರು ಬೆವರು ಒರೆಸಿಕೊಂಡರು. ಡಾಕ್ಟರು ಇನ್ನೊಂದು ದಿನ ಕೊಡಲು ಎರಡು ತಿಂಗಳಾಗಬಹುದು ಎಂದು ಕೌಂಟರಿನವಳು ಹೇಳಿದಳು.

ಆಗ ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆ ನಿಧಾನವಾಗಿ ಎಲೆ ಅಡಿಕೆ ಚೀಲದ ದಾರ ಬಿಚ್ಚಿದರು. ಅಡಿಕೆ ಹೋಳು, ಕಡ್ಡಿಪುಡಿ ಪೊಟ್ಟಣ, ಸುಣ್ಣದ ಡಬ್ಬಿ ಎಲ್ಲ ಮಡಿಲಿಗೆ ಬಂದ ಮೇಲೆ ಕೊನೆಗೆ ಕಾರ್ಡು ಬಂತು. "ತಗಳಮ್ಮ, ನಂದಿದೆ" ಎಂದು ಕೈ ಚಾಚಿದರು.

ಕೌಂಟರಿನವಳು ಸುಣ್ಣ ಒರೆಸಿ ಮಿಷಿನ್ನಿಗೆ ಹಾಕಿ, "ಪಿನ್ ಹಾಕಿ ಅಜ್ಜಿ" ಎಂದಳು.

"ಪಿನ್ನಾ?" ಎಂದು ಅತ್ತೆ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ಬಿಚ್ಚತೊಡಗಿದರು.

"ಅತ್ತೆ, ನಾನು ಹಾಕ್ತೀನಿ ಬಿಡಿ" ಎಂದು ಮುಂದೆ ಹೋಗಿ ನಾಲ್ಕು ಅಂಕಿ ಒತ್ತಿದೆ. ಮಿಷಿನ್ನು ಗರಗರ ಎಂದು ಚೀಟಿ ಹೊರಗೆ ಬಿಟ್ಟಿತು. ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ತಿಂಗಳ ಕೊನೆಗೆ ಬಿಲ್ಲು ಬಂದಾಗ ನಮ್ಮ ಮನೆಯವರು ಸದ್ದಿಲ್ಲದೆ ಕಟ್ಟಿದರು. ಅತ್ತೆ ಮಾತ್ರ ಕಣ್ಣಿನ ಪಟ್ಟಿ ಬಿಚ್ಚಿದ ದಿನದಿಂದ ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ನನ್ನ ಕಣ್ಣಿನ ಖರ್ಚು ನಾನೇ ಕೊಟ್ಟೆ. ಮಗನ ಹತ್ರ ಕೈ ಒಡ್ಲಿಲ್ಲ."

ಈಗ ಹೇಳಿ, ಅಂಥ ಕಾರ್ಡನ್ನು ಮುಚ್ಚಿಸುವುದು ಹೇಗೆ? ಹಾಗೆಂದು ಇಟ್ಟುಕೊಳ್ಳುವುದಾದರೂ ಹೇಗೆ? ಬಸ್ಸಿನಲ್ಲಿ, ಮದುವೆಮನೆಯಲ್ಲಿ ಊರೆಲ್ಲ ಕೈ ಬದಲಾಯಿಸುವ ಕಾರ್ಡು ಅದು. ಒಂದು ದಿನ ಯಾರಾದರೂ ನಂಬರು ಬರೆದುಕೊಂಡರೆ ಗತಿಯೇನು? ಸುಮ್ಮನಿದ್ದರೆ ಮೂವತ್ತು ದಿನಕ್ಕೆ ಅದು ತಾನಾಗಿಯೇ ಸಾಯುತ್ತದೆ, ಅತ್ತೆಗೆ ಗೊತ್ತೇ ಆಗುವುದಿಲ್ಲ, ಪ್ಲಾಸ್ಟಿಕ್ಕು ಚೀಲದಲ್ಲಿ ಇದ್ದೇ ಇರುತ್ತದೆ. ನಮ್ಮ ಮನೆಯವರು ಆಮೇಲೆ ಕೊಟ್ಟ ಸಲಹೆಯೂ ಅದೇ ಆಗಿತ್ತು. ನನಗೂ ಮೊದಲ ವಾರ ಅದೇ ಸರಿ ಎನಿಸಿತು. ಎರಡನೆಯ ವಾರ ಯಾಕೋ ಕಸಿವಿಸಿ ಶುರುವಾಯಿತು. ಸತ್ತ ಕಾರ್ಡನ್ನು ಅವರು ಹೆಮ್ಮೆಯಿಂದ ತೋರಿಸುವುದು, ನಾವಿಬ್ಬರೂ ಬೆನ್ನ ಹಿಂದೆ ಗೊತ್ತಿದ್ದೂ ಸುಮ್ಮನಿರುವುದು. ಇದು ಸಣ್ಣ ಮಕ್ಕಳಿಗೆ ಆಟದ ದುಡ್ಡು ಕೊಟ್ಟು ಕೂರಿಸಿದ ಹಾಗಲ್ಲವೇ? ಆಕೆ ಸಣ್ಣ ಮಗುವಲ್ಲ. ಮಾವನವರು ಹೋದ ಮೇಲೆ ನಾಲ್ಕು ಮಳೆಗಾಲ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತಾವೇ ಕೂತು ನಡೆಸಿದವರು.

ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಆ ಕಾರ್ಡು ನನಗೆ ಬೇಕಾಗಿತ್ತು. ಖರ್ಚಿಗಲ್ಲ. ಹೆಸರಿನ ಮೇಲೆ ಬೆರಳಾಡಿಸಿ ನೋಡಲು ನನಗೆ ನಾಲ್ಕೈದು ವರ್ಷದಲ್ಲಿ ಒಮ್ಮೆಯೂ ಪುರಸೊತ್ತಾಗಿ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಹಿತ್ತಲ ಜಗುಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಾ ಕೂತಿದ್ದರು. ನಾನೂ ಒಂದು ಕತ್ತಿ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

"ಅತ್ತೆ, ಒಂದು ವಿಷ್ಯ."

"ಇಷ್ಟು ಬೀಜ ಸಾಕಲ್ವನೆ ಸಾರಿಗೆ?"

"ಬೀಜದ್ದಲ್ಲ. ಆ ಕಾರ್ಡಿಂದು. ಬ್ಯಾಂಕಿನವ್ರು ಅದನ್ನ ಬಂದ್ ಮಾಡ್ತಾರಂತೆ."

ಅತ್ತೆಯ ಕೈ ನಿಂತಿತು. "ಎಂತಕ್ಕೆ? ನಾನೆಂತ ಮಾಡಿದೆ?"

"ಏನೂ ಮಾಡ್ಲಿಲ್ಲ ನೀವು. ಏನೂ ಮಾಡ್ದೆ ಇಟ್ಕೊಂಡಿದ್ದಕ್ಕೇ ಬಂದ್ ಮಾಡ್ತಾರಂತೆ."

"ಇದೊಳ್ಳೆ ನ್ಯಾಯ" ಎಂದು ಮತ್ತೆ ಬೀಜ ತೆಗೆದುಕೊಂಡರು. "ಫೋನ್ ಮಾಡಿ ಹೇಳು, ಗಿರಿಜಮ್ಮ ಬೇಡ ಅಂದ್ರು ಅಂತ."

ನಾನು ಸೀರೆಯ ಸೆರಗು ಸರಿ ಮಾಡಿಕೊಂಡೆ. ಕತ್ತಿ ಕೆಳಗಿಟ್ಟೆ. "ಅತ್ತೆ, ಬೇಜಾರು ಮಾಡ್ಕೋಬೇಡಿ. ಅದು ನನ್ನ ಕಾರ್ಡು. ಅದ್ರಲ್ಲಿರೋ ಗಿರಿಜಾ ನಾನು."

ಅವರು ನನ್ನನ್ನು ನೋಡಿದರು. ಪೊರೆ ತೆಗೆಸಿದ ಮೇಲೆ ಅವರ ನೋಟ ಬಹಳ ಚುರುಕು. "ನೀನು ಉಮಾ ಅಲ್ವನೆ?"

"ಮದುವೆಗೆ ಮುಂಚೆ ಗಿರಿಜಾ ಆಗಿದ್ದೆ. ಮಾವನವ್ರು ಬದಲಾಯಿಸಿದ್ರಲ್ಲ."

ಅತ್ತೆ ಎಣ್ಣೆ ಮೆತ್ತಿದ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡರು. "ಹೌದಲ್ಲೇ ಮಾರಾಯ್ತಿ! ಕಳಸದ ಗಿರಿಜಾ! ಮರ್ತೇ ಹೋಗಿತ್ತಲ್ಲೇ ನನಗೆ!" ನಗು ಬಂತು ಅವರಿಗೆ. ನಗುತ್ತಾ ನಗುತ್ತಾ ಅದು ಅರ್ಧಕ್ಕೆ ನಿಂತಿತು. "ನಿಂದನ್ನ ನಂದು ಅಂತ ಊರೆಲ್ಲ ತೋರ್ಸ್ಕೊಂಡು ಬಂದೆನಲ್ಲೇ. ಹಂಗಾದ್ರೆ ಆ ಕಣ್ಣಿಂದು? ಅದೂ ನಿಂದೇ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ತಡವರಿಸಿ ಹೇಳಿದೆ: "ಆವತ್ತು ಅದು ನನ್ನ ಹತ್ರ ಇದ್ದಿದ್ರೆ ಉಳಿದ ಎರಡರ ಜೊತೆ ಬೀರುನಲ್ಲಿ ಬಿದ್ದಿರ್ತಿತ್ತು ಅತ್ತೆ. ನಿಮ್ಮ ಚೀಲದಲ್ಲಿ ಇದ್ದಿದ್ದಕ್ಕೇ ಕೆಲ್ಸ ಆಯ್ತು. ವಾಪಸ್ ಬರೋದು ತಪ್ತು." ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ, ನಿಜವೇ ಹಾಗಿತ್ತು. ಅವರಿಗೂ ಹಾಗೆ ಅನ್ನಿಸಿರಬೇಕು. ಒಂದು ಬೀಜ ಪೂರ್ತಿ ಸುಲಿದು ಬೋಗುಣಿಗೆ ಹಾಕಿದರು.

"ನಿಂಗೊಂದು ಹೇಳ್ಲಾ?" ಎಂದರು. "ನಾನೂ ಗಿರಿಜಾ ಅಲ್ಲ."

"ಅಂದ್ರೆ?"

"ನಾನು ಜಾವಳಿಯಿಂದ ಈ ಮನೆಗೆ ಬಂದಾಗ ಗಂಗಮ್ಮ. ಗಂಗು ಅಂತಿದ್ರು. ಇಲ್ಲಿ ನೋಡಿದ್ರೆ ನಮ್ಮತ್ತೆನೂ ಗಂಗಮ್ಮ. ಇಬ್ರು ಗಂಗಮ್ಮ ಆಗಲ್ಲ ಅಂತ ನನ್ನನ್ನ ಗಿರಿಜಾ ಮಾಡಿದ್ರು. ಹದಿನೇಳು ವರ್ಷ ನನಗೆ. ಒಂದು ತಿಂಗ್ಳು ಗಿರಿಜಾ ಅಂತ ಕರೆದ್ರೆ ನಾನು ತಿರುಗೇ ನೋಡ್ತಿರ್ಲಿಲ್ಲ. ಸೊಸೆಗೆ ಕಿವಿ ಮಂದ ಅಂತ ನಮ್ಮತ್ತೆ ನೆಂಟರಿಗೆಲ್ಲ ಹೇಳಿಬಿಟ್ಟಿದ್ರು."

ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಅಡುಗೆ ಮಾಡಿದ್ದೇವೆ. ಒಂದು ದಿನವೂ ಈ ಮಾತು ಬಂದಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ನನ್ನ ಮಗಳ ಮದುವೆಯಲ್ಲಿ ಹೆಸರಿನ ಪ್ರಶ್ನೆ ಬರಲೇ ಇಲ್ಲ. ಬಂದಿದ್ದರೆ ಅವಳು ಮಂಟಪದಿಂದ ಎದ್ದುಹೋಗುತ್ತಿದ್ದಳು. ಹಾಗಾಗಿ ಈ ಸಂಗತಿ ಸದ್ದಿಲ್ಲದೆ ನಮ್ಮಿಬ್ಬರ ಜೊತೆಯೇ ಮುಗಿದುಹೋಗುವುದರಲ್ಲಿತ್ತು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಚೀಲದಿಂದ ಕಾರ್ಡು ತೆಗೆದರು. ನನ್ನ ಕೈಯಲ್ಲಿಟ್ಟರು. "ಬಂದ್ ಮಾಡ್ಸಬೇಡ. ಇಟ್ಕೋ. ಖರ್ಚು ಮಾಡು, ಬಿಡು, ನಿನ್ನಿಷ್ಟ. ನಿನ್ನ ಹೆಸ್ರಿಂದು ಒಂದು ನಿನ್ನ ಹತ್ರ ಇರ್ಲಿ. ಪಾತ್ರೆನೂ ಅರ್ಧ ನಿಂದೇ ಇರ್ಬೇಕು, ಅದ್ಯಾವುದು ಅಂತ ಇನ್ನು ಹುಡುಕೋಕಾಗಲ್ಲ."

ಅಲ್ಲೇ ಕೂತು ಬ್ಯಾಂಕಿಗೆ ಫೋನು ಮಾಡಿದೆ. ಅತ್ತೆ ಕೇಳಲಿ ಎಂದು ಸ್ಪೀಕರು ಹಾಕಿದೆ. ಕನ್ನಡಕ್ಕೆ ಎರಡು ಒತ್ತಿ, ಸಂಗೀತ ಕೇಳಿ, ಕೊನೆಗೆ ಒಬ್ಬ ಹೆಂಗಸು ಸಿಕ್ಕಳು. ಜೇನಿನಂಥ ದನಿ. "ನಮಸ್ಕಾರ ಗಿರಿಜಾ ಅವರೇ, ನಿಮಗೆ ಹೇಗೆ ಸಹಾಯ ಮಾಡಬಹುದು?" ಎಂದಳು. ಅಲ್ಲಿಂದ ಮುಂದೆ ಪ್ರತಿ ಮಾತಿಗೂ ಗಿರಿಜಾ ಅವರೇ. ನಂಬರು ಹೇಳಿ ಗಿರಿಜಾ ಅವರೇ, ಸ್ವಲ್ಪ ಕಾಯಿರಿ ಗಿರಿಜಾ ಅವರೇ, ಕಾಯ್ದಿದ್ದಕ್ಕೆ ಧನ್ಯವಾದ ಗಿರಿಜಾ ಅವರೇ. ಕಾರ್ಡು ಉಳಿಯುತ್ತದೆ, ಸಣ್ಣದಾದರೂ ಒಂದು ಖರೀದಿ ಮಾಡಿದರೆ ಸಾಕು ಎಂದಳು. ಮಾರನೆಯ ದಿನವೇ ನಮ್ಮ ಮನೆಯವರ ಸ್ಕೂಟರಿಗೆ ಪೆಟ್ರೋಲು ಹಾಕಿಸಿ ಆ ಶಾಸ್ತ್ರ ಮುಗಿಸಿದೆ. ಬಂಕಿನಲ್ಲಿ ಪಿನ್ನು ಒತ್ತುವಾಗ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನಾನೇ ನೋಡಿಕೊಂಡೆ. ಜೋಪಾನಕ್ಕಲ್ಲ, ನೋಡಲಿ ಎಂದು.

ಅದು ಆಮೇಲಿನ ಮಾತಾಯಿತು. ಆ ಮಧ್ಯಾಹ್ನ ಫೋನು ಇಟ್ಟ ಮೇಲೆ ಅ‌ತ್ತೆ ಮತ್ತೆ ಸಿಪ್ಪೆ ಸುಲಿಯತೊಡಗಿದರು. ಬೀಜಗಳೆಲ್ಲ ಮುಗಿಯುತ್ತಾ ಬಂದಿದ್ದವು.

"ಎಷ್ಟು ಸಲ ಕರೆದ್ಲು ಅವ್ಳು ನಿನ್ನನ್ನ" ಎಂದರು ಕೊನೆಗೆ.

"ಎಂಟು ಹತ್ತು ಸಲ ಆಗಿರ್ಬೇಕು."

"ನನ್ನನ್ನ ಗಂಗು ಅಂತ ಕರೆಯೋರು ಯಾರೂ ಉಳಿದಿಲ್ಲ. ನಮ್ಮಣ್ಣ ಒಬ್ಬ ಇದ್ದ, ಅವನೂ ಹೋದ." ದುಃಖದಿಂದ ಹೇಳಿದ್ದಲ್ಲ, ಲೋಟದಲ್ಲಿ ಕಾಫಿ ಮುಗಿದಿದೆ ಎನ್ನುವ ಹಾಗೆ ಹೇಳಿದರು. ಆ ಮೇಲೆ ನನ್ನ ಕಡೆ ತಿರುಗದೆ, "ನೀನೊಂದ್ಸಲ ಕರಿ ನೋಡಣ" ಎಂದರು.

"ಅಯ್ಯೋ ಅತ್ತೆ! ನಿಮ್ಮ ಹೆಸ್ರು ಹಿಡಿದು ನಾನು ಹೆಂಗೆ ಕರೀಲಿ?"

"ನಾನೇ ಹೇಳ್ತಿದೀನಲ್ಲೇ. ಕರಿ."

ನಮ್ಮ ಮನೆಯವರು ಅಂಗಡಿಯಲ್ಲಿ ಮೇಸ್ತ್ರಿಯೊಬ್ಬನ ಜೊತೆ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ನಾನು ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಗಂಗಮ್ಮ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಅಮ್ಮ ಗಿಮ್ಮ ಬೇಡ. ಗದ್ದೆ ಆಚೆ ಬದಿಂದ ಕರೆದ ಹಂಗೆ ಕರಿಬೇಕು."

ನಾನು ಎದ್ದು ನಿಂತೆ. ಹಿತ್ತಲಿನ ಕೊನೆಗೆ, ಬಟ್ಟೆ ಒಗೆಯುವ ಕಲ್ಲಿನ ತನಕ ಹೋದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕೈಗಳನ್ನು ಬಾಯಿಯ ಸುತ್ತ ಹಿಡಿದು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ: "ಗಂಗೂ..."

ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಅಂಗಡಿಯಲ್ಲಿ ಮಾತು ನಿಂತಿತು. ಜಗುಲಿಯಲ್ಲಿ ಎಂಬತ್ತು ದಾಟಿದ ನಮ್ಮತ್ತೆ, ಕೈಯಲ್ಲಿದ್ದ ಬೀಜವನ್ನು ಹಾಗೇ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬ ಹಿಡಿದು ಎದ್ದು ನಿಂತರು.

"ಓ... ಬಂದೇ" ಎಂದರು.